ಸಿಸ್ಟರ್ ಮತ್ತು ತಣ್ಣೀರು

ಮಗುವನ್ನು ಮುಟ್ಟುವ ಮೊದಲು ಸಿಸ್ಟರ್ ತಮ್ಮ ಎರಡೂ ಅಂಗೈಗಳನ್ನು ಕಂಕುಳಲ್ಲಿಟ್ಟುಕೊಂಡು ನಿಲ್ಲುತ್ತಿದ್ದರು, ಚಳಿಗೆ ಮುದುರಿದವರ ಹಾಗೆ. ಆಮೇಲೆ ಅವನ್ನು ಕೆನ್ನೆಗೆ ಒತ್ತಿ, ಬಿಸಿ ಸಾಕು ಅನಿಸಿದರಷ್ಟೇ ಕೂಸಿಗೆ ಕೈ ಹಾಕುವರು. ಮುಂಬೈನ ವಿಕ್ರೋಳಿಯ ಮೇ ತಿಂಗಳ ಸೆಕೆಯಲ್ಲಿ ಅದನ್ನು ನೋಡಿದರೆ ಯಾರಿಗಾದರೂ ನಗು ಬರಬೇಕು.

ನನ್ನ ಮಗ ಹುಟ್ಟಿದ್ದು ಎಂಬತ್ತರ ದಶಕದ ನಡುವೆ, ಸ್ಟೇಷನ್ ಹತ್ತಿರದ ಪುಟ್ಟ ಹೆರಿಗೆ ಆಸ್ಪತ್ರೆಯಲ್ಲಿ. ಹುಟ್ಟಿದಾಗ ಅಳಲಿಲ್ಲ. ಉಡುಪಿ ಕಡೆಯ ಈ ಸಿಸ್ಟರೇ ಅವನ ಬೆನ್ನು ತಿಕ್ಕಿ, ಮುಖಕ್ಕೆ ಮಾಸ್ಕ್ ಹಿಡಿದು ಗಾಳಿ ಒತ್ತಿ ಉಸಿರು ಬರಿಸಿದರು. ಮಿದುಳಿಗೆ ಸ್ವಲ್ಪ ಹೊತ್ತು ಆಮ್ಲಜನಕ ಸಿಕ್ಕಿಲ್ಲ, ಆದರೆ ಮೈಲ್ಡ್, ಕಾದು ನೋಡೋಣ ಎಂದು ಹೇಳಿ ಡಾಕ್ಟರು ಹೊರಟುಹೋದರು. ನಾನು ಸಿಸ್ಟರ್ ಮುಖ ನೋಡಿದೆ.

"ಮೈಲ್ಡ್ ಅಂದ್ರೆ ಸಣ್ಣದು ಮಾರಾಯ್ತಿ. ಬೆಚ್ಚಗೆ ಇಟ್ರೆ ಎಲ್ಲ ಸರಿ ಆಗ್ತದೆ."

ಆಗ ಎಲ್ಲ ಕಡೆಯೂ ಅದೇ ಪಾಠ. ಮಗುವನ್ನು ಬಲ್ಬು ಉರಿಯುವ ಪೆಟ್ಟಿಗೆಯಲ್ಲಿ ಮಲಗಿಸಿದರು. ಯಾರಾದರೂ ಫ್ಯಾನ್ ಹಾಕಿದರೆ ಸಿಸ್ಟರ್ ಕಾರಿಡಾರಿನಿಂದಲೇ "ಪಂಖಾ ಬಂದ್ ಕರೋ!" ಎಂದು ಕೂಗುವರು. ಬೆವರಿನಲ್ಲಿ ಬೆಂದ ಬಾಣಂತಿಯರೆಲ್ಲ ಸೇರಿ ಅವರಿಗೆ ಹೀಟರ್ ಸಿಸ್ಟರ್ ಎಂದು ಹೆಸರಿಟ್ಟಿದ್ದೆವು. ಅದು ಅವರಿಗೂ ಗೊತ್ತಿತ್ತು. "ಹೀಟರ್ ಬಂತು" ಎಂದು ತಾವೇ ಸಾರಿಕೊಂಡು ವಾರ್ಡಿನೊಳಗೆ ಬರುತ್ತಿದ್ದರು.

ನನ್ನ ಅಮ್ಮ ಮಂಡ್ಯದ ಹಳ್ಳಿಯಿಂದ ಬಾಣಂತನಕ್ಕೆ ಬಂದಿದ್ದಳು. ಮಗು ಮಂಕಾಗಿ ಮಲಗಿತ್ತು, ಹಾಲಿಗೂ ಏಳುತ್ತಿರಲಿಲ್ಲ. ಊರಿನ ಸೂಲಗಿತ್ತಿ ಅಳದ ಕೂಸಿನ ಮುಖಕ್ಕೆ ತಣ್ಣೀರು ಚಿಮುಕಿಸುವುದನ್ನು ಕಂಡಿದ್ದ ಅಮ್ಮ, ಲೋಟದಲ್ಲಿ ಬೆರಳದ್ದಿ ಪೆಟ್ಟಿಗೆಯ ಮೇಲೆ ಬಾಗಿದಳು. ಅಷ್ಟರಲ್ಲಿ ಸಿಸ್ಟರ್ ಬಂದರು.

"ತಣ್ಣೀರಾ? ಎಂತ, ಮಗುವನ್ನು ಕೊಲ್ಲುದಾ ನೀವು?"

ಇಡೀ ವಾರ್ಡು ತಿರುಗಿ ನೋಡಿತು. ಅಮ್ಮನ ಮುಖ ಸಣ್ಣದಾಯಿತು. "ನಮ್ಮೂರಾಗೆ ಹಿಂಗೇ ಮಾಡದು ಕಣವ್ವ. ತಪ್ಪಾಯ್ತು" ಎಂದು ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಊರಿಗೆ ಮರಳುವವರೆಗೂ ಅವಳು ಮೊಮ್ಮಗನನ್ನು ಎತ್ತಿಕೊಳ್ಳಲಿಲ್ಲ. ನಾನೇ ಮಡಿಲಿಗೆ ಹಾಕಲು ಹೋದರೂ "ಬ್ಯಾಡ ಕಣೆ, ನನ್ ಕೈ ತಣ್ಣಗದೆ" ಅನ್ನುವಳು. ಸಿಸ್ಟರ್ ಬೈಯುವಾಗ ನಾನು ಬಾಯಿ ಬಿಡದೆ ಗೋಡೆಯ ಕಡೆ ತಿರುಗಿ ಮಲಗಿದ್ದೆ. ಅಕ್ಕಪಕ್ಕದವರೆದುರು ಇಂಥ ಅಮ್ಮ ನನ್ನವಳು ಎಂದು ನಾಚಿಕೆಯಾಗಿತ್ತು.

ಮಗನಿಗೆ ಮಾತು ತಡವಾಗಿ ಬಂತು. ಬಲಗೈಗೆ ಬಲ ಕಡಿಮೆ ಎಂದು ಗೊತ್ತಾದ ಮೇಲೆ ಸಿಸ್ಟರ್ ರಜೆ ಸಿಕ್ಕಾಗಲೆಲ್ಲ ಮಲಾಡಿನ ತಮ್ಮ ಮನೆಯಿಂದ ಹೊರಟು, ದಾದರಿನಲ್ಲಿ ಲೋಕಲ್ ರೈಲು ಬದಲಿಸಿ ನಮ್ಮ ಮನೆಗೆ ಬರತೊಡಗಿದರು. ಅವನ ಕೈಯನ್ನು ತಮ್ಮ ಬಿಸಿ ಅಂಗೈಯಲ್ಲಿಟ್ಟು ನೀವಿ, ಅಂಗಿಯ ಗುಂಡಿ ಹಾಕಲು ಕಲಿಸಿದರು. ಇಂದು ಅವನು ತನ್ನ ಅಂಗಿ ತಾನೇ ತೊಟ್ಟು ಕೆಲಸಕ್ಕೆ ಹೋಗುತ್ತಾನೆಂದರೆ ಅದು ಅವರ ಋಣ.

ಅವನು ದೊಡ್ಡವನಾದ ಮೇಲೆ ಅವರು ಬರುವುದು ನಿಂತಿತ್ತು. ನಿವೃತ್ತರಾಗಿ ಬಹಳ ಕಾಲದ ನಂತರ ಒಂದು ದಿನ ಬಂದು, ಕುರ್ಚಿಯ ತುದಿಯಲ್ಲಿ ಕುಳಿತರು.

"ಈಗ ಅಳದೆ ಹುಟ್ಟಿದ ಮಕ್ಕಳನ್ನು ತಣ್ಣಗೆ ಇಡ್ತಾರಂತೆ. ಹುಟ್ಟಿದ ಕೂಡ್ಲೆ, ಮಿಷಿನ್ ಇಟ್ಟು, ಹುಷಾರಲ್ಲಿ. ಮಿದುಳಿಗೆ ಒಳ್ಳೇದಂತೆ."

"ಇವನ ಹಾಗೆ ಮೈಲ್ಡ್ ಇದ್ದವರಿಗೂ?"

"ಅದು ಡಾಕ್ಟ್ರಿಗೂ ಇನ್ನೂ ಸರಿ ಗೊತ್ತಿಲ್ಲ."

ಅಮ್ಮನ ತಣ್ಣೀರೇ ಬೇರೆ, ಇದೇ ಬೇರೆ, ಆಗ ನೀವು ಮಾಡಿದ್ದೇ ಸರಿ ಎಂದೆ. ಅವರು ತಲೆ ಎತ್ತಲಿಲ್ಲ.

"ಮದ್ದಿನ ಮಾತಲ್ಲ ನಾನು ಹೇಳುದು. ಕೊಲ್ಲುದಾ ಅಂತ ಕೇಳಿದೆನಲ್ಲ, ಅದು. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಅವರೂ ಮಗು ಉಳೀಲಿ ಅಂತಲೇ ಅಲ್ವಾ ಬಂದದ್ದು? ಊರಿನ ವಿಳಾಸ ಕೊಡು, ನಾನೇ ಹೋಗಿ ತಪ್ಪಾಯ್ತು ಅಂತೇನೆ."

ಅಮ್ಮ ತೀರಿಕೊಂಡು ವರ್ಷಗಳಾಗಿದ್ದವು, ಅವರಿಗೆ ನಾನು ತಿಳಿಸಿರಲಿಲ್ಲ. ಹೇಳಿದೆ. ಅವರು ತಮ್ಮ ಅಂಗೈ ನೋಡಿಕೊಂಡರು. ಅಮ್ಮ ಬದುಕಿದ್ದಾಗ ನಾನಾದರೂ ಒಮ್ಮೆ ತಪ್ಪಾಯ್ತು ಅನ್ನಬಹುದಿತ್ತಲ್ಲ ಎಂದು ನನಗೆ ನೆಲ ನೋಡುವಂತಾಯಿತು.

ಸಿಸ್ಟರನ್ನು ಅವರ ಕೊನೆಯ ಕಾಯಿಲೆಯಲ್ಲಿ ನೋಡಲು ಮಲಾಡಿಗೆ ಹೋದೆ. ಜ್ವರ ಸುಡುತ್ತಿತ್ತು. ಬಟ್ಟೆಯನ್ನು ಒದ್ದೆ ಮಾಡಿ ಹಣೆಯ ಮೇಲೆ ಇಟ್ಟೆ.

"ತಣ್ಣೀರಾ?" ಎಂದರು, ಕಣ್ಣು ತೆರೆಯದೆ.

ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡೆ. ಅವರು ತಡವರಿಸಿ ನನ್ನ ಬೆರಳು ಹಿಡಿದುಕೊಂಡರು. ಜ್ವರದ ಅಮಲಿನಲ್ಲಿ ನಾನು ಯಾರೆಂದು ತಿಳಿದರೋ.

"ಇರ್ಲಿ, ಇಡಿ ಅಮ್ಮ. ಹಿತ ಆಗ್ತದೆ. ನಂದು ತಪ್ಪಾಯ್ತು."

"ಇರ್ಲಿ ಬುಡವ್ವ" ಎಂದೆ, ಅಮ್ಮನ ಮಾತಿನಲ್ಲೇ. ಅವರ ಮುಖ ಸಡಿಲವಾಯಿತು.

ಮರುದಿನ ಅವರು ಹೋದರು. ಅಂದು ಗೋಡೆಯ ಕಡೆ ತಿರುಗಿ ಮಲಗಿದವಳು, ಅಮ್ಮನ ಪರವಾಗಿ ಕ್ಷಮಿಸಲು ನಾನು ಯಾರು?