ಇಂಗಿನ ವಾಸನೆಯ ಸೀಟು

ನನ್ನ ಕಾರಿಗೆ ಎಂಟು ಸೀಟು. ನಾನು ಒಬ್ಬ. ಇದು ಮೆಲ್ಬರ್ನ್‌ನಲ್ಲಿ ಕೆಲಸದಲ್ಲಿರುವ ನನ್ನ ಮಗಳಿಗೆ ದೊಡ್ಡ ತಲೆನೋವು. "ಅಪ್ಪಾ, ಯು ಆರ್ ಒನ್ ಪರ್ಸನ್. ಆ ಬಸ್ ಇಟ್ಕೊಂಡು ಏನ್ ಮಾಡ್ತೀಯ?" ಎಂದು ಫೋನ್ ಮಾಡಿದಾಗಲೆಲ್ಲ ಕೇಳುತ್ತಿದ್ದಳು. ಬಸ್ ಎಂದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಹೊತ್ತುಹೊತ್ತಿಗೆ ಆಯಿಲ್ ಬದಲಿಸಿ, ಟೈರಿನ ಗಾಳಿ ನೋಡಿ, ಭಾನುವಾರ ಮೈ ತೊಳೆಸಿ ಬಸ್ಸನ್ನು ಯಾರು ಸಾಕುತ್ತಾರೆ?

ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ಮನೆ ಮಾಡಿದಾಗ ಕೊಂಡ ಕಾರು ಅದು. ಆಗಲೂ ನಾವಿದ್ದದ್ದು ಮೂರೇ ಜನ. ನನ್ನ ಹೆಂಡತಿ ಮಾತ್ರ ಎಂಟು ಸೀಟಿನದೇ ಬೇಕು ಎಂದು ಹಟ ಹಿಡಿದಳು. ಏಕೆಂದು ಆಮೇಲೆ ಗೊತ್ತಾಯಿತು. ನಮ್ಮ ಕನ್ನಡದವರಲ್ಲಿ ಯಾರಿಗಾದರೂ ಊರಿಂದ ಅಪ್ಪ ಅಮ್ಮ ಬರುತ್ತಾರೆಂದರೆ ಫೋನ್ ನಮ್ಮ ಮನೆಗೇ. "ಆಂಟಿ, ನಮ್ಮತ್ತೆ ಮಾವ ನಾಳೆ ಲ್ಯಾಂಡ್ ಆಗ್ತಿದಾರೆ. ಸೂಟ್‌ಕೇಸ್ ಜಾಸ್ತಿ ಇದೆ..." ಅಷ್ಟು ಹೇಳಿ ಸುಮ್ಮನಾಗುತ್ತಿದ್ದರು. "ನಮ್ಮನೆಯವರು ಬರ್ತಾರೆ ಬಿಡಮ್ಮಾ" ಎಂದು ಇವಳು ಮುಗಿಸುತ್ತಿದ್ದಳು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನಾನು ಗೊಣಗಿಕೊಂಡೇ ಕೀ ತೆಗೆದುಕೊಳ್ಳುತ್ತಿದ್ದೆ.

ಅವಳೂ ಜೊತೆಗೆ ಬರುತ್ತಿದ್ದಳು, ತೊಡೆಯ ಮೇಲೆ ಹುಳಿಯ ಡಬ್ಬಿ ಇಟ್ಟುಕೊಂಡು. ವಿಮಾನ ಇಳಿದವರ ಹೊಟ್ಟೆಗೆ ಮೊದಲು ಬಿಸಿ ಹುಳಿಯನ್ನ ಬೀಳಬೇಕು ಎಂಬುದು ಅವಳೇ ಮಾಡಿಕೊಂಡ ಶಾಸ್ತ್ರ. ಏರ್‌ಪೋರ್ಟಿನ ಪಾರ್ಕಿಂಗ್‌ನಲ್ಲಿ ಕಾರಿನ ಹಿಂಬಾಗಿಲು ಎತ್ತಿ, ಆ ಹಿರಿಯರನ್ನು ಅಲ್ಲೇ ಕೂರಿಸಿ, ಪೇಪರ್ ತಟ್ಟೆಯಲ್ಲಿ ಬಡಿಸುತ್ತಿದ್ದಳು. ರಾತ್ರಿಯೆಲ್ಲ ಯಾರದೋ ಭಾಷೆಯ ನಡುವೆ ಬಾಯಿ ಮುಚ್ಚಿಕೊಂಡು ಬಂದವರು ಎರಡು ತುತ್ತು ಒಳಗೆ ಹೋದ ಮೇಲೆ ಮಾತಿಗೆ ಶುರುಮಾಡುತ್ತಿದ್ದರು. ಕ್ವೇಕರ್ಸ್ ಹಿಲ್ ಬರುವಷ್ಟರಲ್ಲಿ ಅವರ ಓಣಿಯ ಜಗಳಗಳೆಲ್ಲ ನಮಗೆ ಬಾಯಿಪಾಠ.

ಡಬ್ಬಿಯನ್ನು ಕಾಲ ಬಳಿ ಇಟ್ಟುಕೋ ಎಂದರೆ ಕೇಳುತ್ತಿರಲಿಲ್ಲ. "ಕೆಳಗಿಟ್ರೆ ಚೆಲ್ಲುತ್ತೆ ರೀ" ಎನ್ನುತ್ತಿದ್ದಳು. ಒಂದು ದಿನ ರೌಂಡ್‌ಅಬೌಟ್‌ನ ತಿರುವಿನಲ್ಲಿ ತೊಡೆಯ ಮೇಲಿದ್ದದ್ದೇ ಚೆಲ್ಲಿತು. ಮುಚ್ಚಳ ಸಡಿಲವಾಗಿತ್ತೋ ಏನೋ, ಅರ್ಧ ಡಬ್ಬಿ ಹುಳಿ ಸೀಟಿನೊಳಗೆ ಇಳಿದುಹೋಯಿತು. "ಸುಟ್ಟಿತೇನೇ?" ಎಂದರೆ "ಅವರಿಗೆ ಈಗ ಏನು ಬಡಿಸೋದು?" ಎಂದಳು. ನಿಂಬೆಹಣ್ಣು ತಿಕ್ಕಿದೆವು, ಅಡುಗೆ ಸೋಡಾ ಸುರಿದೆವು. ಇಂಗಿನ ವಾಸನೆ ಹೋಗಲೇ ಇಲ್ಲ. ಬೇಸಿಗೆಯಲ್ಲಿ ಬಾಗಿಲು ತೆಗೆದರೆ ಒಗ್ಗರಣೆಯ ಮುಂದೆ ನಿಂತ ಹಾಗಾಗುತ್ತಿತ್ತು.

ಆಮೇಲೆ ಅವಳಿಗೆ ಕಾಯಿಲೆ ಬಂತು. ಅದೇ ಸೀಟಿನಲ್ಲಿ ಒರಗಿಕೊಂಡು ಅವಳು ವೆಸ್ಟ್‌ಮೀಡ್ ಆಸ್ಪತ್ರೆಗೆ ಓಡಾಡಿದಳು. ನೆಟ್ಟಗೆ ಕೂತರೆ ನೋವಾಗುತ್ತದೆಂದು ಸೀಟನ್ನು ಹಿಂದಕ್ಕೆ ಬಾಗಿಸಿದ್ದೆ. ಅವಳು ಹೋದ ಮೇಲೆಯೂ ಅದನ್ನು ನೇರ ಮಾಡಲಿಲ್ಲ.

ಏರ್‌ಪೋರ್ಟಿನ ಫೋನುಗಳು ನಿಂತವು. ಅಂಕಲ್‌ಗೆ ಯಾಕೆ ತೊಂದರೆ ಎಂದು ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಬಿಟ್ಟರು. ಆ ಒಳ್ಳೆಯತನದ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕರೆದಿದ್ದರೆ ಗೊಣಗಿಕೊಂಡಾದರೂ ಹೋಗುತ್ತಿದ್ದೆ. ಇಂಗು ತೆಂಗು ಇದ್ದರೆ ಮಂಗವೂ ಅಡುಗೆ ಮಾಡುತ್ತದೆ ಎಂದು ಅವಳನ್ನು ಎಷ್ಟೋ ಸಲ ಛೇಡಿಸಿದ್ದೆ. ಈಗ ಇಂಗೂ ಇತ್ತು, ತೆಂಗೂ ಇತ್ತು. ನನ್ನ ಹುಳಿ ಬಾಯಿಗಿಡುವ ಹಾಗಿರಲಿಲ್ಲ.

ಒಂದು ಬೆಳಿಗ್ಗೆ ತರಕಾರಿಗೆಂದು ಹೊರಟೆ. ಕಾರು ಕೂಗತೊಡಗಿತು. ಎಡಗಡೆ ಕೂತವರು ಬೆಲ್ಟ್ ಹಾಕಿಲ್ಲ, ಹಾಕಿಸು ಎಂಬ ಕೂಗು. ಎಡಗಡೆ ಯಾರಿದ್ದಾರೆ? ಮೊದಲು ತಿರುಗಿ ನೋಡಿದೆ, ಆಮೇಲೆ ರೇಗಿತು. ಕೂಗು ತಡೆಯಲಾರದೆ ಕೊನೆಗೆ ಖಾಲಿ ಸೀಟಿಗೆ ಬೆಲ್ಟ್ ಎಳೆದು ಹಾಕಿದೆ. ಸುಮ್ಮನಾಯಿತು. ಸೀಟಿನೊಳಗೆ ಜನ ಕೂತರೆ ತಿಳಿಯುವ ಸೆನ್ಸರ್ ಇರುತ್ತದೆ, ಅದು ಕೆಟ್ಟಿದೆ, ರಿಪೇರಿ ಮಾಡಿಸಿ ಎಂದು ಪಕ್ಕದ ಮನೆಯ ಹುಡುಗ ಹೇಳಿದ. ಮಾಡಿಸಲಿಲ್ಲ. ಅವಳು ಕೂತಿದ್ದಾಳೆ ಎಂದು ಹೇಳಲು ಪ್ರಪಂಚದಲ್ಲಿ ಆ ಕಾರೊಂದೇ ಉಳಿದಿತ್ತು. ಕೂಗಿದಾಗಲೆಲ್ಲ ಬೆಲ್ಟ್ ಹಾಕುತ್ತಿದ್ದೆ. ಬರಬರುತ್ತಾ ಕೂಗುವ ಮೊದಲೇ ಹಾಕತೊಡಗಿದೆ.

ಮಗಳು ಮೆಲ್ಬರ್ನ್‌ಗೆ ಬಂದುಬಿಡು ಎಂದಳು. ಅವಳದು ಡಾಕ್‌ಲ್ಯಾಂಡ್ಸ್‌ನ ಟವರಿನಲ್ಲಿ ಒಂದೇ ರೂಮಿನ ಮನೆ. ನನಗೆ ಊರಂಚಿನ ವೆರಿಬಿ ಕಡೆ ಗ್ಯಾರೇಜ್ ಇರುವ ಸಣ್ಣ ಮನೆ ಹುಡುಕಿದಳು. ಕಾರಿನ ಬಗ್ಗೆ ಒಂದು ಷರತ್ತು ಹಾಕಿದಳು. ರಾಜ್ಯ ಬದಲಾದರೆ ಹೊಸ ನಂಬರ್ ಪ್ಲೇಟ್ ಬೇಕು, ಅದಕ್ಕೆ ಮೊದಲು ಕಾರು ತಪಾಸಣೆಯಲ್ಲಿ ಪಾಸಾಗಬೇಕು. "ಪಾಸ್ ಆದ್ರೆ ಇಟ್ಕೋ, ಐ ವೋಂಟ್ ಸೇ ಎನಿಥಿಂಗ್. ಫೇಲ್ ಆದ್ರೆ ಮಾರ್ಬೇಕು. ಪ್ರಾಮಿಸ್?" ನಾನು ಹೂಂ ಎಂದೆ. ನನ್ನ ಆರೈಕೆಯ ಮೇಲೆ ನನಗೆ ಅಷ್ಟು ಗರ್ವ.

ದೇವರ ಪೆಟ್ಟಿಗೆ, ಪಾತ್ರೆ, ಹಾಸಿಗೆ ಎಲ್ಲವನ್ನೂ ಹಿಂದೆ ತುಂಬಿಕೊಂಡು ಹೊರಟೆ. ದಾರಿಯಲ್ಲಿ ಗೋಲ್ಬರ್ನ್ ಊರು ದಾಟಿದ ಮೇಲೆ ಏರ್‌ಬ್ಯಾಗಿನ ಕೆಂಪು ದೀಪ ಹತ್ತಿತು. ಮೆಲ್ಬರ್ನ್‌ವರೆಗೂ ಆರಲಿಲ್ಲ.

ತಪಾಸಣೆ ಮಾಡಿದ ಮೆಕ್ಯಾನಿಕ್ ಪಂಜಾಬಿ. ಎಂಜಿನ್ ನೋಡಿ ಹೊಗಳಿದ. ಆಮೇಲೆ ಮುಂದಿನ ಸೀಟಿಗೆ ಮೂಗು ತಂದು, ಇದರೊಳಗೆ ಏನು ಚೆಲ್ಲಿದೆ ಎಂದು ಹಿಂದಿಯಲ್ಲಿ ಕೇಳಿದ. ಹುಳಿಗೆ ಹಿಂದಿಯಲ್ಲಿ ಏನೆನ್ನಬೇಕೋ ಹೊಳೆಯದೆ ದಾಲ್ ಎಂದೆ. ಒಳಗಿನ ವೈರುಗಳೆಲ್ಲ ತುಕ್ಕು ಹಿಡಿದಿವೆ, ಕೆಂಪು ದೀಪ ಹತ್ತಿರುವುದೂ ಅದರಿಂದಲೇ, ಆ ದೀಪ ಇರುವವರೆಗೆ ಸರ್ಟಿಫಿಕೇಟ್ ಕೊಡಲಾಗದು, ಗುಜರಿಯಿಂದ ಇದೇ ಮಾಡೆಲ್ಲಿನ ಒಳ್ಳೆಯ ಸೀಟು ತಂದು ಕೂರಿಸುತ್ತೇನೆ ಎಂದ.

ಸೀಟು ಉಳಿಸಿಕೊಂಡರೆ ಕಾರು ಹೋಗುತ್ತದೆ. ಕಾರು ಉಳಿಸಿಕೊಂಡರೆ ಸೀಟು ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಐದು ನಿಮಿಷ ಕೊಡಪ್ಪಾ ಎಂದು ಹೇಳಿ, ನನ್ನ ಜಾಗದಲ್ಲಿ ಹೋಗಿ ಕೂತೆ. ಎಡಗಡೆ ನೋಡಿದೆ. ಅತ್ತುಬಿಟ್ಟೆ. ಯಾರೂ ಕೂರದ ಸೀಟಿಗಾಗಿ ಎಂಟು ಜನರ ಕಾರನ್ನು ಮಾರಿದೆ ಎಂದರೆ ಅವಳೇ ನನ್ನನ್ನು ಬೈಯುತ್ತಿದ್ದಳು. ಕೆಳಗಿಳಿದು, ಬದಲಿಸು ಎಂದೆ. ಹಳೆಯ ಸೀಟನ್ನು ಮಾತ್ರ ಎಸೆಯಬೇಡ, ಹಿಂದೆ ಇಡು ಎಂದೆ. ಅವನು ನನ್ನ ಮುಖ ನೋಡಿ ಇಟ್ಟ.

ಕಾರು ಪಾಸಾಯಿತು. ಹೊಸ ಸೀಟಿಗೆ ಸೋಪಿನ ವಾಸನೆ. ಕೂಗಿಲ್ಲ, ದೀಪವಿಲ್ಲ. ಅಷ್ಟು ಸದ್ದಿಲ್ಲದ ಕಾರನ್ನು ನಾನು ಯಾವತ್ತೂ ಓಡಿಸಿರಲಿಲ್ಲ.

ಶನಿವಾರ ಮಗಳು ಟ್ರೇನಿನಲ್ಲಿ ಬಂದಳು. ಗ್ಯಾರೇಜಿನ ಮೂಲೆಯಲ್ಲಿದ್ದ ಸೀಟು ಕಂಡು "ವಾಟ್ ಈಸ್ ದಿಸ್ ಜಂಕ್, ಅಪ್ಪಾ?" ಎಂದು ಹತ್ತಿರ ಹೋದಳು. ಬಗ್ಗಿದಳು. ಮೂಸಿ ನೋಡಿದಳು. ಆಮೇಲೆ, ವರ್ಷಗಟ್ಟಲೆ ಇಂಗ್ಲಿಷ್ ಬೆರೆಸದೆ ನನ್ನೊಡನೆ ಒಂದು ಮಾತೂ ಆಡದವಳು, "ಅಮ್ಮನ ಹುಳಿ" ಎಂದಳು. ಮಾರುವ ಮಾತು ಮತ್ತೆ ಎತ್ತಲಿಲ್ಲ.

ಸಂಜೆ ಅವಳನ್ನು ಡಾಕ್‌ಲ್ಯಾಂಡ್ಸ್‌ಗೆ ಬಿಡಲು ಹೊರಟೆ. ಅವಳು ಮುಂದೆ, ಎಡಗಡೆ ಕೂತಳು. ಕಾರು ಹೊರಟದ್ದೇ ತಡ, ಕೂಗಿತು. ಅವಳು ಬೆಲ್ಟಿಗೆ ಕೈ ಹಾಕಿದಳು. ನಾನು ಬ್ರೇಕ್ ಹಾಕಿ, "ಇರು ಮಗಳೇ. ಸ್ವಲ್ಪ ಕೂಗಲಿ" ಎಂದೆ. ಅವಳು ಬೆಲ್ಟನ್ನು ಕೈಯಲ್ಲೇ ಹಿಡಿದು ನನ್ನ ಕಡೆ ನೋಡಿದಳು. ಡ್ರೈವ್‌ವೇಯಲ್ಲಿ ಇಬ್ಬರೂ ಅದನ್ನು ಕೇಳಿಸಿಕೊಂಡು ಕೂತೆವು. ನನ್ನ ಕಣ್ಣು ತುಂಬಿದ್ದು ಅವಳಿಗೆ ಕಂಡಿರಬೇಕು. ಕೊನೆಗೆ ಅವಳೇ ಬೆಲ್ಟ್ ಹಾಕಿಕೊಂಡಳು.

ಟವರಿನ ಮುಂದೆ ಇಳಿದು, ಕೈ ಬೀಸಿ ಒಳಗೆ ಹೋದಳು. ಟ್ರಾಮ್ ದಾಟಲಿ ಎಂದು ಕಾದೆ. ಕಾರು ಏನೂ ಕೇಳಲಿಲ್ಲ. ನಾನೇ ಕೈ ಚಾಚಿ, ಖಾಲಿ ಸೀಟಿಗೆ ಬೆಲ್ಟ್ ಹಾಕಿ, ಮನೆ ಕಡೆ ಹೊರಟೆ.