ತೋಳಿನ ಮೇಲಿನ ಮಚ್ಚೆ

ಎಪ್ಪತ್ತರ ದಶಕದಲ್ಲಿ ಸಿಂದಗಿ ಕಡೆಯ ಹಳ್ಳಿಗಳಿಗೆ ನಾಟಕ ಕಲಿಸುತ್ತಿದ್ದ ಆ ಮಾಸ್ತರರು ಯಾವ ನಾಟಕ ಬರೆದರೂ, ಕೊನೆಗೆ ಕಳೆದುಹೋದ ಮಗ ತೋಳಿನ ಮಚ್ಚೆಯಿಂದಲೇ ತಾಯಿಗೆ ಸಿಗುತ್ತಿದ್ದ. ಪಾತ್ರ ಮಾಡುವ ನಾವೇ ನಗುತ್ತಿದ್ದೆವು. “ಹಳೇದಾದ್ರ ಏನಾತು? ಎದಿಗೆ ನಾಟತೈತಿ,” ಎಂದು ಅವರು ಹಾರ್ಮೋನಿಯಂ ತಿದಿ ಒತ್ತುತ್ತಿದ್ದರು.

ಆಲಮೇಲದ ಆಟದಲ್ಲಿ ಮಗನ ಪಾತ್ರ ನನ್ನದು. ನಾನು ತೋಳು ತೋರಿಸಿದ್ದೇ ತಡ, ಮುಂದೆ ಕುಳಿತಿದ್ದ ಮುದುಕಿಯೊಬ್ಬಳು ರಂಗದ ಮೇಲೆ ಹತ್ತಿ ಬಂದಳು. ಮುಂಬೈಗೆ ದುಡಿಯಲು ಹೋದ ಅವಳ ಮಗ ತಿರುಗಿ ಬಂದಿರಲಿಲ್ಲವಂತೆ. “ನನ್ನ ಮಗಗೂ ಇಲ್ಲೇ ಐತಿ ನೋಡೋ ಯಪ್ಪಾ,” ಎಂದು ಮಚ್ಚೆ ಸವರಿದಳು. ಮಚ್ಚೆ ಬರೆದಿದ್ದ ಕಾಡಿಗೆ ಅವಳ ಬೆರಳಿಗೆ ಹತ್ತಿತು. ಆ ಬೆರಳನ್ನೇ ನೋಡುತ್ತ ಕೆಳಗಿಳಿದಳು.

ಕದಡಿದ ಮಚ್ಚೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡೇ ನಾನು ಉಳಿದ ಮಾತು ಮುಗಿಸಿದೆ. ಪರದೆ ಬಿದ್ದಮೇಲೆ ಮಾಸ್ತರರು, “ನಾಟ್ತೋ ಇಲ್ಲೋ, ತಮ್ಮಾ?” ಎಂದರು.

ಮುಂದಿನ ಮುದ್ದೇಬಿಹಾಳದ ಆಟಕ್ಕೆ ಅವರು ಮಚ್ಚೆ ಬರೆಯಲು ಅಳಿಸದ ಮಸಿ ತಂದಿದ್ದರು.