ನಲವತ್ತು ಬಿಳಿ ಬಲ್ಲ ಅಳಿಯ

"ಬಿಳಿ ಅಂದ್ರೆ ಒಂದೇ ಬಿಳಿ ಅಂದ್ಕೊಂಡ್ರಾ? ನಲವತ್ತಿದೆ. ನಲವತ್ತನ್ನೂ ಕಣ್ಣು ಮುಚ್ಕೊಂಡು ಹೇಳ್ತೀನಿ."

ಪರದೆ ಬಟ್ಟೆಯ ಅಂಗಡಿಯಲ್ಲಿ ಹದಿನೆಂಟು ವರ್ಷ ಸವೆಸಿದ ಅಳಿಯ ಗಿರಾಕಿಗಳಿಗೆಲ್ಲ ಕೊಚ್ಚಿಕೊಳ್ಳುತ್ತಿದ್ದುದು ಹೀಗೆ. ಕಣ್ಣು ಮುಚ್ಚಿಕೊಂಡರೆ ಬಣ್ಣ ಹೇಗಪ್ಪಾ ಕಾಣುತ್ತೆ ಎಂದು ಯಾರೂ ಕೇಳಲಿಲ್ಲ. ಬಾಯಿ ಹಾಕಲು ಅವನು ಸಂದು ಬಿಟ್ಟರೆ ತಾನೇ? ಮಾವನ ಮನೆಯ ಮಹಡಿಯಲ್ಲೇ ಸಂಸಾರ ಹೂಡಿದ್ದರಿಂದ ಬೀದಿಯವರಿಗೆಲ್ಲ ಅವನು 'ಅಳಿಯಂದ್ರು'. ಸ್ವಂತ ಹೆಸರು ಏನಿತ್ತೋ, ಬಳಕೆಯಿಲ್ಲದೆ ತುಕ್ಕು ಹಿಡಿದಿತ್ತು.

ಕೆಳಗಿದ್ದ ಮಾವ ಸಾಮಾನ್ಯ ಪ್ರಾಣಿಯಲ್ಲ. ವಾಹನ ಓಡಿಸುವವರಿಗೆ ಲೈಸೆನ್ಸ್ ಕೊಡುವ ಕಚೇರಿಯಲ್ಲಿ ಇನ್ಸ್‌ಪೆಕ್ಟರ್ ಆಗಿ ಮೂವತ್ತು ವರ್ಷ ಊರಿಗೂರನ್ನೇ ಫೇಲು ಮಾಡಿದವರು. ಗಾಡಿ ಹಿಂದಕ್ಕೆ ತೆಗೆಯುವಾಗ ಚಕ್ರ ಗೆರೆಗೆ ಒಂದು ಕೂದಲಷ್ಟು ತಾಗಿದರೂ ಸಾಕು, ಫೈಲು ಮಡಚಿ, ಕನ್ನಡಕ ಒರೆಸಿಕೊಂಡು, "ಮುಂದಿನ ತಿಂಗಳು ಬನ್ನಿ" ಎನ್ನುತ್ತಿದ್ದರು. ಅವರ ಕೈಗೆ ಸಿಕ್ಕವರಲ್ಲಿ ಕೆಲವರು ಮೊಮ್ಮಕ್ಕಳ ಕೈ ಹಿಡಿದುಕೊಂಡು ಟೆಸ್ಟಿಗೆ ಬಂದದ್ದುಂಟು. ಅಳಿಯನಿಗೆ ಲೈಸೆನ್ಸ್ ಕೊಟ್ಟವರು ಬೇರೊಬ್ಬ ಇನ್ಸ್‌ಪೆಕ್ಟರಾದ್ದರಿಂದ ಮಾವನ ಲೆಕ್ಕದಲ್ಲಿ ಅದು ಬರೀ ರಟ್ಟಿನ ಚೂರು. ಮದುವೆಯಾಗಿ ಹನ್ನೊಂದು ವರ್ಷವಾದರೂ ಅವರ ಬಿಳಿ ಕಾರಿನ ಕೀಯನ್ನು ಅವನು ದೂರದಿಂದ ನೋಡಿದ್ದೇ ಬಂತು. ಬಟ್ಟೆ ತಾಗಿದರೂ ಗೀರು ಬೀಳುತ್ತದೆಂದು ಅವರು ಕಾರು ಒರೆಸಲೂ ಬಿಡುತ್ತಿರಲಿಲ್ಲ. ಧೂಳು ಎಷ್ಟು ಕೂತಿತ್ತೆಂದರೆ ಬೀಜ ಚೆಲ್ಲಿದ್ದರೆ ಬೆಳೆ ಬರುತ್ತಿತ್ತು.

ಕೊನೆಗೆ ಮಾವನ ಕಣ್ಣಿಗೆ ಎರಡು ವರ್ಷದಿಂದ ಕವಿಯುತ್ತಿದ್ದ ಪೊರೆ ಬಲಿಯಿತು. ಆಪರೇಷನ್ನಿಗೆಂದು ಎಂಟು ದಿನದ ಮಟ್ಟಿಗೆ ದೊಡ್ಡ ಮಗನ ಮನೆಗೆ ಹೊರಡುವಾಗ, ಹಲ್ಲು ಕೀಳಿಸಿಕೊಳ್ಳುವವರ ಮುಖ ಮಾಡಿ ಕೀಯನ್ನು ಅಳಿಯನ ಅಂಗೈಗೆ ಹಾಕಿದರು.

"ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿಡಿ, ಬ್ಯಾಟರಿ ಸಾಯಬಾರದು. ಗೇಟು ದಾಟಬೇಡಿ. ಬಂದ ಮೇಲೆ ನೋಡ್ತೀನಿ. ಎಲ್ಲ ಸರಿಯಿದ್ರೆ ಕೀ ನಿಮ್ಮ ಹತ್ರಾನೇ ಇರ್ಲಿ."

ಹನ್ನೊಂದು ವರ್ಷ ಕಾದವನಿಗೆ ಎಂಟು ದಿನ ಕಾಯಲು ಆಗಲಿಲ್ಲ. ಎರಡನೆಯ ದಿನವೇ ಅಂಗಡಿಯ ಪರದೆಗಳನ್ನೂ ಸ್ಟೀಲಿನ ಕಂಬಿಗಳನ್ನೂ ಕಾರಿಗೆ ತುಂಬಿ ಗಿರಾಕಿಯ ಮನೆಗೆ ಹೊರಟ. ಓಡಿಸಿದ್ದು ಹೇಗೆಂದರೆ, ರಸ್ತೆಯಲ್ಲಿದ್ದ ಇರುವೆಗಳೂ ಹಿಂದೆ ಬಂದು ಹಾರನ್ ಮಾಡಿರಬೇಕು. ಅಷ್ಟು ಜೋಪಾನವಾಗಿ ಹೋಗಿ, ಕಾರು ನಿಲ್ಲಿಸಿ, ಕಂಬಿ ಇಳಿಸುವಾಗ ಅದರ ತುದಿಯಿಂದ ತಾನೇ ಹಿಂದಿನ ಬಾಗಿಲಿಗೆ ಗೇಣುದ್ದ ಗೀರು ಎಳೆದ.

ಬಣ್ಣದಂಗಡಿಯವನು ಒಳ್ಳೆಯ ಮಾತೇ ಹೇಳಿದ. "ಬಾಗಿಲ ಸಂದಿಯಲ್ಲಿ ಚೀಟಿ ಅಂಟಿಸಿರ್ತಾರೆ, ಬಣ್ಣದ ನಂಬರ್ ಅದರಲ್ಲೇ ಇರುತ್ತೆ. ನೋಡ್ಕೊಂಡು ಬನ್ನಿ ಸಾರ್."

"ನಂಬರ್ ಬೇಕಾಗೋದು ಕಣ್ಣಿಲ್ಲದವರಿಗೆ," ಎಂದ ಅಳಿಯ. ಜೇಬಿನಿಂದ ಬಿಳಿ ಪರದೆಯ ತುಂಡೊಂದನ್ನು ತೆಗೆದು ಡಬ್ಬಿಗಳ ಮುಚ್ಚಳಕ್ಕೆ ಹಿಡಿದು ನೋಡಿ, ಅಂಗಡಿಯ ಹಳದಿ ಬಲ್ಬಿನ ಕೆಳಗೆ ಒಂದು ಸ್ಪ್ರೇ ಡಬ್ಬಿ ಆರಿಸಿದ.

"ಎರಡು ಸಾವಿರ ನಂಬರಿನ ನಯವಾದ ಉಪ್ಪು ಕಾಗದ ತಗೊಳ್ಳಿ. ನೀರು ಹಾಕ್ಕೊಂಡು ಮೆಲ್ಲಗೆ ಉಜ್ಜಬೇಕು."

"ಉಪ್ಪು ಕಾಗದ ಮನೇಲೇ ಇದೆ ಬಿಡ್ರಿ."

ಮನೆಯಲ್ಲಿದ್ದದ್ದು ಕಿಟಕಿಯ ತುಕ್ಕು ಕೆರೆಯುವ ಒರಟು ಕಾಗದ. ಆನೆಯ ಚರ್ಮ ತಿಕ್ಕಿದ್ದರೂ ಆನೆ ಅಳುತ್ತಿತ್ತು. ಗೇಣುದ್ದದ ಗೀರು ಅರ್ಧ ಗಂಟೆಯಲ್ಲಿ ತಟ್ಟೆಯಗಲವಾಯಿತು, ಒಂದು ಗಂಟೆಯಲ್ಲಿ ಮೊರದಗಲ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದ್ದು ಸಾಲದೆಂದು ಡಬ್ಬಿಯನ್ನು ಅದರ ಮೂತಿ ಬಾಗಿಲಿಗೆ ತಾಗುವಷ್ಟು ಹತ್ತಿರ ಹಿಡಿದು ಒತ್ತಿದ. ಬಣ್ಣ ಧಾರೆಯಾಗಿ ಇಳಿಯಿತು. ಒಣಗಿದ ಮೇಲೆ ನೋಡಿದರೆ, ಅದು ಅವನ ನಲವತ್ತರಲ್ಲಿ ಯಾವ ಬಿಳಿಯೂ ಅಲ್ಲ. ಅರವತ್ತು ವರ್ಷ ಬೀಡಿ ಸೇದಿದವನ ಮುಂದಿನ ಹಲ್ಲಿನ ಬಣ್ಣ.

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಏನ್ರೀ ಇದು, ಕಾರಿಗೆ ಕಾಮಾಲೆನಾ?"

"ಬಿಸಿಲಲ್ಲಿ ಹಾಗೆ ಕಾಣುತ್ತೆ."

"ನೆರಳಲ್ಲಿ ಇನ್ನೂ ಚೆನ್ನಾಗಿ ಕಾಣುತ್ತೆ."

"ಇರಲಿ ಬಿಡೇ. ನಿಮ್ಮಪ್ಪನಿಗೆ ಕಣ್ಣು ಮಂಜು. ಕಾರಿನ ಜಾಗದಲ್ಲಿ ಎಮ್ಮೆ ಕಟ್ಟಿದ್ರೂ ಗೊತ್ತಾಗಲ್ಲ."

"ಅಪ್ಪ ಹೋಗಿರೋದು ಯಾತಕ್ಕೆ ಅಂತ ಜ್ಞಾಪಕ ಇದ್ಯಾ?"

ಅಳಿಯನ ಮುಖದಲ್ಲಿ ನಲವತ್ತೊಂದನೆಯ ಬಿಳಿ ಮೂಡಿತು. ಉಳಿದ ಆರು ದಿನ ಅವನು ಊಟಕ್ಕೆ ಕೂತರೂ ಅನ್ನ ಯಾವ ಬಿಳಿ ಎಂದು ನೋಡುತ್ತಿದ್ದ. ಇತ್ತ ಹೆಂಡತಿ, ಕೊಳಕು ಕಾರಿನಲ್ಲಿ ತೇಪೆ ಇನ್ನೂ ಎದ್ದು ಕಾಣುತ್ತದೆಂದು, ಅಪ್ಪ ಬರುವ ಹಿಂದಿನ ದಿನ ಬಕೆಟ್ಟುಗಟ್ಟಲೆ ನೀರು ಸುರಿದು ಇಡೀ ಕಾರನ್ನು ತೊಳೆದಿಟ್ಟಳು.

ಮಾವ ಬಂದರು. ಕಪ್ಪು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು, ಸೊಳ್ಳೆಯ ಮೀಸೆಯನ್ನೂ ಎಣಿಸುವ ಹೊಸ ಕಣ್ಣಿನಿಂದ ಕಾರಿಗೆ ಒಂದು ಸುತ್ತು ಬಂದರು. ಬಾಗಿಲಿನ ತೇಪೆಯ ಮುಂದೆ ನಿಂತರು, ಮೂಗು ಸೊಟ್ಟ ಮಾಡಿದರು. ಅಲ್ಲಿಗೇ ಬಿಡಲಿಲ್ಲ. ಮುಂದಿನ ಮೂಲೆ, ಹಿಂದಿನ ಮೂಲೆ, ಎಡಗಡೆ ಉದ್ದಕ್ಕೂ ಬೆರಳಾಡಿಸಿದರು.

"ಏನ್ ಅಳಿಯಂದ್ರೇ, ಎಂಟೇ ದಿನಕ್ಕೆ ಹನ್ನೊಂದು ಗೀರಾ? ನನ್ನ ಸರ್ವೀಸಲ್ಲೇ ಇಂಥ ಡ್ರೈವರ್‌ನ ಕಂಡಿಲ್ಲ. ಕೊಡಿ ಕೀ."

ಅಳಿಯ ಕೀಯನ್ನು ಜೇಬಿನಿಂದ ಅರ್ಧ ತೆಗೆದ. ಹನ್ನೊಂದೇ? ತನ್ನ ಒಂದೇ ಗೀರಿನ ಮೇಲೆ ಕಣ್ಣು ನೆಟ್ಟವನು ಉಳಿದದ್ದನ್ನು ನೋಡಿಯೇ ಇರಲಿಲ್ಲ. ಬಗ್ಗಿ ನೋಡಿದ. ಇಷ್ಟು ದಿನ ಧೂಳಿನಡಿ ಅಡಗಿದ್ದ ಉಳಿದ ಹತ್ತೂ ಗೀರುಗಳ ಒಳಗೆ ಹಸಿರು ಬಣ್ಣ ಮೆತ್ತಿಕೊಂಡಿತ್ತು. ತಿರುಗಿ ಗೇಟು ನೋಡಿದ. ಹಸಿರು ಗೇಟು. ಅದರ ಹಸಿರು ಕಂಬದ ಮೇಲೆ, ಮೊಣಕಾಲಿನಿಂದ ಸೊಂಟದವರೆಗೆ, ಮೆಟ್ಟಿಲಿನಂತೆ ಬಿಳಿ ಪಟ್ಟೆಗಳು. ಕೆಲವು ಪಟ್ಟೆ ಎರಡು ವರ್ಷದಷ್ಟು ಹಳೆಯವು, ಮೇಲೆ ಜೇಡ ಮನೆ ಕಟ್ಟಿ ಮಕ್ಕಳು ಮರಿ ಮಾಡಿಕೊಂಡಿತ್ತು. ಅಳಿಯ ಅವುಗಳ ಮೇಲೆ ಬೆರಳಿಟ್ಟ. ಆ ಬಿಳಿಯನ್ನು ಗುರುತು ಹಿಡಿಯಲು ನಂಬರೂ ಬೇಕಿರಲಿಲ್ಲ, ಪರದೆಯ ತುಂಡೂ ಬೇಕಿರಲಿಲ್ಲ.

"ಬಾಗಿಲಿಂದು ನಂದೇ ಮಾವ, ಒಪ್ಕೊಂಡೆ. ಹೇಳಿದ್ದು ಮೀರಿ ಹೊರಗೆ ತಗೊಂಡು ಹೋಗಿದ್ದೂ ನಿಜ. ಈ ಹತ್ತು ಯಾರದು?"

ಮಾವ ಕಂಬ ನೋಡಿದರು. ಕಾರು ನೋಡಿದರು. ಮಗಳ ಕಡೆ ನೋಡಿದರು. ಅವಳು ಆಕಾಶ ನೋಡುತ್ತಿದ್ದಳು.

"ಆ ಗೇಟು ಕಟ್ಟಿದವನು ಡೊಂಕಾಗಿ ಕಟ್ಟಿದಾನೆ," ಎಂದರು ಮಾವ, ಮೆಲ್ಲಗೆ. ಆಮೇಲೆ ಗಂಟಲು ಸರಿಮಾಡಿಕೊಂಡು, ಕನ್ನಡಕ ಒರೆಸಿ, ಕೈ ಚಾಚಿದರು. "ಅದೆಲ್ಲ ಇರಲಿ. ಕೀ ಕೊಡಿ. ಡಾಕ್ಟರು ಒಂದು ತಿಂಗಳು ಓಡಿಸ್ಬೇಡಿ ಅಂದಿದಾರೆ, ಆದ್ರೂ ಕೀ ನನ್ನ ಹತ್ರಾನೇ ಇರಬೇಕು."

ಅಳಿಯ ಕೀಯನ್ನು ವಾಪಸು ಜೇಬಿಗೆ ಇಳಿಸಿ, ಮೇಲಿಂದ ಎರಡು ಸಲ ತಟ್ಟಿದ.

"ಮುಂದಿನ ತಿಂಗಳು ಬನ್ನಿ, ಮಾವ."